ಯಾರನ್ನು ಕೊಳ್ಳಬೇಕು ಅನ್ನುವ ಮೊದಲು: ಬೆಂಗಳೂರು ಎಫ್‌ಸಿಯ ಆಟ ಮತ್ತು ಟ್ರಾನ್ಸ್‌ಫರ್ ಲೆಕ್ಕ

ಬೆಂಗಳೂರು ಎಫ್‌ಸಿ ಸೋತ ಮಾರನೇ ದಿನ ಕೊಡಗಿನ ಸುಂಟಿಕೊಪ್ಪದಲ್ಲೋ ಸಿದ್ದಾಪುರದಲ್ಲೋ ಫುಟ್‌ಬಾಲ್ ಮಾತಾಡುವವರು ಸೇರಿದರೆ ಎರಡು ಪಕ್ಷ ಆಗುತ್ತದೆ. "ಹಿಂದೆ ಹಿಂದೆ ಪಾಸ್ ಮಾಡ್ತಾ ಕೂತ್ರೆ ಗೋಲು ಎಲ್ಲಿಂದ ಬರುತ್ತೆ, ಬಾಲ್ ಮುಂದೆ ಹಾಕ್ಬೇಕು" ಅನ್ನುವವರು ಒಂದು ಕಡೆ. "ಆಟ ಸರಿಯಾಗೇ ಇದೆ, ಫಾರಿನ್ ಸ್ಟ್ರೈಕರ್ ಸರಿಯಿಲ್ಲ" ಅನ್ನುವವರು ಇನ್ನೊಂದು ಕಡೆ. ಮೊದಲನೆಯವರದು ಶೈಲಿಯ ವಾದ, ಎರಡನೆಯವರದು ಖರೀದಿಯ ವಾದ. ಇಬ್ಬರೂ ಗಂಟೆಗಟ್ಟಲೆ ಮಾತಾಡಿ ಎದ್ದು ಹೋಗುತ್ತಾರೆ, ಒಬ್ಬರ ಮಾತು ಇನ್ನೊಬ್ಬರಿಗೆ ತಾಗುವುದಿಲ್ಲ. ಕಾರಣ, ಈ ಎರಡು ವಾದಗಳನ್ನು ಬಿಡಿಸಿ ಆಡಲು ಬರುವುದಿಲ್ಲ. ಆಟದ ಶೈಲಿ ಎಂದರೆ ಮೈದಾನದಲ್ಲಿ ಯಾರು ಯಾವ ಕೆಲಸ ಮಾಡಬೇಕು ಎಂಬ ಹಂಚಿಕೆ. ಟ್ರಾನ್ಸ್‌ಫರ್ ಎಂದರೆ ಆ ಕೆಲಸಕ್ಕೆ ಆಳು ಹುಡುಕುವುದು. ಕೆಲಸ ಏನೆಂದು ಗೊತ್ತಿಲ್ಲದೆ ಬಂದ ಆಟಗಾರ ಒಳ್ಳೆಯವನೋ ಕೆಟ್ಟವನೋ ಎಂದು ತೀರ್ಪು ಕೊಡುವುದು ಸಾಧ್ಯವೇ ಇಲ್ಲ.

ಹಾಕಿ ಕಣ್ಣಿನಿಂದ ಫುಟ್‌ಬಾಲ್ ನೋಡಿದಾಗ

ಕೊಡಗಿನಲ್ಲಿ ಬಹಳಷ್ಟು ಜನ ಆಟ ನೋಡಲು ಕಲಿತಿದ್ದು ಹಾಕಿಯಿಂದ. ಹನ್ನೊಂದು ಜನ, ಗೋಲಿ, ಹಾಫ್, ಫಾರ್ವರ್ಡ್ ಎಲ್ಲ ಒಂದೇ ಥರ ಕಾಣುತ್ತದೆ. ಆದರೆ ಎರಡು ನಿಯಮ ಇಡೀ ಲೆಕ್ಕವನ್ನೇ ಬದಲಿಸುತ್ತವೆ.

ಹಾಕಿಯಲ್ಲಿ ಎಷ್ಟು ಸಲ ಬೇಕಾದರೂ ಆಟಗಾರರನ್ನು ಬದಲಿಸಬಹುದು, ಹೊರಗೆ ಹೋದವನು ದಮ್ಮು ತೆಗೆದುಕೊಂಡು ಮತ್ತೆ ಬರಬಹುದು. ಫುಟ್‌ಬಾಲ್‌ನಲ್ಲಿ ಐದೇ ಬದಲಿ. ಕೋವಿಡ್ ಕಾಲದಲ್ಲಿ ತಾತ್ಕಾಲಿಕವಾಗಿ ಬಂದ ಈ ಐದರ ಲೆಕ್ಕವನ್ನು 2022ರಲ್ಲಿ ಕಾಯಂ ಮಾಡಿದರು. ಅರ್ಧ ಸಮಯದ ವಿರಾಮ ಬಿಟ್ಟರೆ ಆ ಐದನ್ನೂ ಮೂರು ಸಲದೊಳಗೆ ಮುಗಿಸಬೇಕು, ಹೊರಗೆ ಬಂದವನು ಮರಳಿ ಹೋಗುವ ಹಾಗಿಲ್ಲ. "ಹಾಕಿ ಹುಡುಗರು ಮೈಮೇಲೆ ಬಿದ್ದು ಬಾಲ್ ಕಿತ್ಕೊಳ್ತಾರೆ, ಇವರು ಯಾಕೆ ನಿಂತು ನೋಡ್ತಾರೆ?" ಎಂಬ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. ತೊಂಬತ್ತು ನಿಮಿಷವೂ ಎದುರಾಳಿಯ ಅರ್ಧದಲ್ಲೇ ಒತ್ತಡ ಹಾಕುವ ತಂಡಕ್ಕೆ ಅರವತ್ತನೇ ನಿಮಿಷದ ನಂತರ ಕಾಲು ಸೋಲುತ್ತದೆ. ಆಗ ಬೆಂಚಿನಿಂದ ಬರುವ ಮೂವರು ನಾಲ್ವರು ಮೊದಲಿನವರಷ್ಟೇ ಗಟ್ಟಿ ಇರಬೇಕು. ಅಂದರೆ ಪ್ರೆಸ್ಸಿಂಗ್ ಆಟ ಬೇಕು ಅಂದವರು ಹದಿನೈದು ಹದಿನಾರು ಸಮಬಲದ ಆಟಗಾರರಿಗೆ ಸಂಬಳ ಕೊಡಿ ಎಂದೂ ಹೇಳುತ್ತಿದ್ದಾರೆ.

ಇನ್ನೊಂದು ಆಫ್‌ಸೈಡ್, ಅಂದರೆ ಪಾಸ್ ಹೊರಡುವ ಕ್ಷಣದಲ್ಲಿ ಎದುರಾಳಿಯ ಡಿಫೆನ್ಸ್ ಸಾಲು ದಾಟಿ ನಿಂತವನು ಆ ಬಾಲ್ ಆಡುವ ಹಾಗಿಲ್ಲ ಎಂಬ ನಿಯಮ. ಹಾಕಿ ಅದನ್ನು 1990ರ ದಶಕದಲ್ಲೇ ಕೈಬಿಟ್ಟಿತು. ಫುಟ್‌ಬಾಲ್‌ನಲ್ಲಿ ಅದು ಇರುವುದರಿಂದಲೇ ಡಿಫೆನ್ಸ್ ಸಾಲು ಮೈದಾನದ ಮಧ್ಯದವರೆಗೂ ಏರಿ ನಿಲ್ಲಬಹುದು. ಸಾಲು ಮೇಲೇರಿದರೆ ಮುಂದಿನವರಿಗೂ ಹಿಂದಿನವರಿಗೂ ಅಂತರ ಕಡಿಮೆಯಾಗಿ ಪ್ರೆಸ್ಸಿಂಗ್ ಸುಲಭ. ಆದರೆ ಸಾಲಿನ ಬೆನ್ನ ಹಿಂದೆ ನಲವತ್ತು ಮೀಟರ್ ಖಾಲಿ ಜಾಗ ಬೀಳುತ್ತದೆ. ಅಲ್ಲಿಗೆ ಬಂದ ಒಂದು ಉದ್ದನೆಯ ಬಾಲ್‌ಗೆ ಓಡಿ ತಲುಪುವ ಸೆಂಟರ್ ಬ್ಯಾಕ್ (ಡಿಫೆನ್ಸ್ ಸಾಲಿನ ನಡುವಿನವನು, ನಮ್ಮ ಮಾತಿನ ಸ್ಟಾಪರ್) ಬೇಕು, ಗೋಲಿನ ಮುಂದಿನ ಪೆನಾಲ್ಟಿ ಬಾಕ್ಸ್ ಬಿಟ್ಟು ಹೊರಗೆ ಬರುವ ಗೋಲ್‌ಕೀಪರ್ ಬೇಕು. ನಿಧಾನಗತಿಯ ಸ್ಟಾಪರ್‌ಗಳನ್ನು ಇಟ್ಟುಕೊಂಡು ಸಾಲು ಮೇಲೇರಿಸಿದರೆ ವಾರಕ್ಕೊಂದು ಗೋಲು ಬಿದ್ದೇ ಬೀಳುತ್ತದೆ. ಬೈಗುಳ ಮಾತ್ರ ಆ ಸ್ಟಾಪರ್‌ಗೆ.

ಗೋಲ್ ಕಿಕ್‌ನಿಂದ ಶುರು ಮಾಡಿ

ಒಂದು ತಂಡದ ಶೈಲಿ ತಿಳಿಯಲು ಅದರ ಗೋಲ್ ಕಿಕ್ (ತನ್ನ ಗೋಲಿನ ಮುಂದಿನಿಂದ ಒದ್ದು ಆಟ ಮತ್ತೆ ಶುರು ಮಾಡುವುದು) ನೋಡಿದರೆ ಸಾಕು ಎನ್ನುವಷ್ಟು ನನಗೆ ಅದು ಮುಖ್ಯ. 2019ರವರೆಗೆ ಗೋಲ್ ಕಿಕ್ ಬಾಕ್ಸ್ ದಾಟಿ ಹೊರಗೆ ಹೋದ ಮೇಲಷ್ಟೇ ಆಟ ಶುರು. ಆ ವರ್ಷ ನಿಯಮ ಬದಲಾಯಿತು. ಈಗ ಒದ್ದ ಕ್ಷಣವೇ ಬಾಲ್ ಆಟದಲ್ಲಿದೆ, ತನ್ನ ತಂಡದವರು ಬಾಕ್ಸ್ ಒಳಗೇ ನಿಂತು ಪಾಸ್ ಪಡೆಯಬಹುದು. ಕೀಪರ್‌ನ ಎಡಬಲಕ್ಕೆ ಇಬ್ಬರು ಸೆಂಟರ್ ಬ್ಯಾಕ್, ಮುಂದೆ ಒಬ್ಬ ಮಿಡ್‌ಫೀಲ್ಡರ್, ಅಂಚಿಗೆ ಫುಲ್ ಬ್ಯಾಕ್‌ಗಳು ನಿಲ್ಲುವ ಚಿತ್ರ ಎಲ್ಲೆಡೆ ಕಾಣಲು ಶುರುವಾಗಿದ್ದು ಇದರಿಂದ. ಎದುರಾಳಿಯನ್ನು ಬಾ ಎಂದು ಕರೆದು, ಅವನು ಬಿಟ್ಟು ಬಂದ ಜಾಗಕ್ಕೆ ಬಾಲ್ ಕಳಿಸುವುದು ಇದರ ಉದ್ದೇಶ. ಇಲ್ಲಿ ಕೀಪರ್ ಹೆಚ್ಚುವರಿ ಆಟಗಾರ, ಅವನಿಂದಲೇ ಸಂಖ್ಯೆಯ ಲಾಭ.

ಇದು ಕೆಡುವುದು ಮೂರು ಕಡೆ. ಕೀಪರ್‌ಗೆ ಒಂದೇ ಕಾಲು ಬರುತ್ತದೆ ಅಂದರೆ ಎದುರಾಳಿ ಆ ಬದಿ ಮುಚ್ಚಿ ಬರುತ್ತಾನೆ. ಸೆಂಟರ್ ಬ್ಯಾಕ್ ಮೈಯನ್ನು ಪೂರ್ತಿ ತನ್ನ ಗೋಲಿನ ಕಡೆ ತಿರುಗಿಸಿ ಪಾಸ್ ಪಡೆದರೆ ಅವನಿಗೆ ಮುಂದಿನ ಮೈದಾನ ಕಾಣುವುದಿಲ್ಲ, ಮತ್ತೆ ಕೀಪರ್‌ಗೇ ಕೊಡುತ್ತಾನೆ. ಮೂರನೆಯದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ: ದಾರಿಯೆಲ್ಲ ಮುಚ್ಚಿದಾಗ ಉದ್ದ ಹೊಡೆದ ಬಾಲನ್ನು ಎದೆಗೋ ತಲೆಗೋ ತೆಗೆದುಕೊಂಡು ಹಿಡಿದು ನಿಲ್ಲುವ ಸ್ಟ್ರೈಕರ್ ಮುಂದೆ ಇಲ್ಲದಿರುವುದು. ಅಂಥವನು ಇದ್ದರೆ ಎದುರಾಳಿ ಎಲ್ಲರನ್ನೂ ಮೇಲೆ ಕಳಿಸಲು ಹೆದರುತ್ತಾನೆ. ಇಲ್ಲದಿದ್ದರೆ ಧೈರ್ಯವಾಗಿ ಬರುತ್ತಾನೆ. ಹಿಂದೆ ಬಾಲ್ ಕಳೆದುಕೊಂಡು ಗೋಲು ತಿಂದಾಗ ಕೀಪರ್ ಪಾಸ್ ಸರಿ ಮಾಡಲಿಲ್ಲ ಅನ್ನುತ್ತೇವೆ. ಎಷ್ಟೋ ಸಲ ಆ ಗೋಲಿನ ಬೇರು ಎಂಬತ್ತು ಮೀಟರ್ ಆಚೆ, ಸ್ಟ್ರೈಕರ್‌ನ ಆಯ್ಕೆಯಲ್ಲಿ ಇರುತ್ತದೆ.

ಇದಕ್ಕೆ ದೊಡ್ಡ ಉದಾಹರಣೆ ಮ್ಯಾಂಚೆಸ್ಟರ್ ಸಿಟಿ. 2016ರಲ್ಲಿ ಕೋಚ್ ಆಗಿ ಗಾರ್ಡಿಯೋಲಾ ಬಂದವರೇ ಇಂಗ್ಲೆಂಡ್ ತಂಡದ ಕೀಪರ್ ಜೋ ಹಾರ್ಟ್‌ರನ್ನು ಲೋನ್ ಮೇಲೆ, ಅಂದರೆ ತಾತ್ಕಾಲಿಕವಾಗಿ, ಟೊರಿನೊಗೆ ಕಳಿಸಿ, ಕಾಲಿನ ಆಟ ಬಲ್ಲ ಕ್ಲಾಡಿಯೊ ಬ್ರಾವೊರನ್ನು ಬಾರ್ಸಿಲೋನಾದಿಂದ ತಂದರು. ಮೊದಲ ವರ್ಷ ಕೆಟ್ಟಿತು. ಆಗ ಶೈಲಿಯೇ ಇಂಗ್ಲೆಂಡಿಗೆ ಒಗ್ಗದು ಎಂದವರು ಬಹಳ ಜನ. ಕ್ಲಬ್ ಶೈಲಿ ಬಿಡಲಿಲ್ಲ, ಆ ಕೆಲಸಕ್ಕೆ ಆಳು ಬದಲಿಸಿತು. 2017ರ ಬೇಸಿಗೆಯಲ್ಲಿ ಬೆನ್ಫಿಕಾದಿಂದ ಎಡರ್ಸನ್ ಬಂದರು. ಮೂವತ್ತು ದಾಟಿದ ನಾಲ್ವರು ಫುಲ್ ಬ್ಯಾಕ್‌ಗಳು, ಅಂದರೆ ಜಬಲೇಟಾ, ಸಾನ್ಯಾ, ಕ್ಲಿಶಿ, ಕೊಲರೋವ್, ಒಟ್ಟಿಗೆ ಹೊರಟರು. ಆ ಜಾಗಕ್ಕೆ ವಾಕರ್, ಮೆಂಡಿ, ಡನಿಲೊ ಬಂದರು. 2017–18ರಲ್ಲಿ ತಂಡ ನೂರು ಅಂಕ ಗಳಿಸಿ ಪ್ರೀಮಿಯರ್ ಲೀಗ್ ಗೆದ್ದಿತು.

ಬೆಂಗಳೂರಿನ ಸ್ವಂತ ಪಾಠಗಳು

ನಮ್ಮ ಕ್ಲಬ್ಬಿನ ಇತಿಹಾಸದಲ್ಲೇ ಇದಕ್ಕೆ ಬೇಕಾದ ಪಾಠಗಳಿವೆ. 2013ರಲ್ಲಿ ಹುಟ್ಟಿದ ತಂಡ ಆಶ್ಲೆ ವೆಸ್ಟ್‌ವುಡ್ ಕೈಕೆಳಗೆ ಮೊದಲ ಸೀಸನ್‌ನಲ್ಲೇ ಐ-ಲೀಗ್ ಗೆದ್ದಿತು, 2015–16ರಲ್ಲಿ ಮತ್ತೊಮ್ಮೆ. ಆಗಿನ ಬಲ ಫಿಟ್‌ನೆಸ್, ಶಿಸ್ತು, ವೇಗ. 2016ರಲ್ಲಿ ಆಲ್ಬರ್ಟ್ ರೋಕಾ ಬಂದ ಮೇಲೆ ಬಾಲ್ ಹಿಡಿದು ಆಡುವ ಸ್ಪ್ಯಾನಿಷ್ ಹದ ಬಂತು. ಆ ವರ್ಷವೇ ಎಎಫ್‌ಸಿ ಕಪ್ ಫೈನಲ್ ತಲುಪಿ ಇರಾಕಿನ ಏರ್‌ಫೋರ್ಸ್ ಕ್ಲಬ್ ಎದುರು 1–0ರಲ್ಲಿ ಸೋತಿತು. 2017ರಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಸೇರುವಾಗ ಮಾಡಿದ ಖರೀದಿಗಳನ್ನು ನೋಡಿ. ಆಟದ ವೇಗ ನಿರ್ಧರಿಸಲು ಡಿಮಾಸ್ ಡೆಲ್ಗಾಡೊ, ಡಿಫೆನ್ಸ್ ಮುಂದೆ ಅಡ್ಡ ನಿಂತು ತಲೆಯೆತ್ತರದ ಬಾಲ್ ಗೆಲ್ಲಲು ಆಸ್ಟ್ರೇಲಿಯಾದ ಎರಿಕ್ ಪಾರ್ಟಲು, ಮುಂದೆ ಬಾಲ್ ಹಿಡಿದು ಸುನಿಲ್ ಚೆಟ್ರಿಗೆ ಜಾಗ ಮಾಡಿಕೊಡುತ್ತಾ ತಾನೂ ಹೊಡೆಯಲು ಮಿಕು. ಒಬ್ಬೊಬ್ಬರಿಗೂ ಒಂದು ಕೆಲಸ. ಆ ಸೀಸನ್‌ನಲ್ಲಿ ಮಿಕು 15, ಚೆಟ್ರಿ 14 ಗೋಲು ಹೊಡೆದರು, ತಂಡ ಲೀಗ್ ಹಂತದಲ್ಲಿ ಮೊದಲ ಸ್ಥಾನ ಪಡೆಯಿತು. ರೋಕಾ ಹೋದಾಗ ಅವರ ಸಹಾಯಕ ಕಾರ್ಲೆಸ್ ಕ್ವಾದ್ರಾತ್ ಕೋಚ್ ಆದರು. ಕೋಚ್ ಬದಲಾದರೂ ಕೆಲಸಗಳ ಪಟ್ಟಿ ಬದಲಾಗಲಿಲ್ಲ. 2018–19ರಲ್ಲಿ ಐಎಸ್‌ಎಲ್ ಕಪ್ ಬಂತು.

2019ರಲ್ಲಿ ಮಿಕು ಹೊರಟರು. ಬದಲಿಗೆ ಮಾನುಯೆಲ್ ಒನ್ವು ಬಂದರು. ಬೆಂಗಳೂರಿನಲ್ಲಿ ಅವರಿಗೆ ಲಯ ಸಿಗಲೇ ಇಲ್ಲ. ಅದೇ ಸೀಸನ್ನಿನ ಕೊನೆಗೆ ಲೋನ್ ಮೇಲೆ ಒಡಿಶಾಗೆ ಹೋದವರು ಬೆರಳೆಣಿಕೆಯ ಪಂದ್ಯಗಳಲ್ಲಿ ಏಳು ಗೋಲು ಹೊಡೆದರು! ಆಳು ಅದೇ, ಕಾಲು ಅದೇ. ಒಂದು ತಂಡದಲ್ಲಿ ಅವನಿಂದ ಬಯಸಿದ ಕೆಲಸವೇ ಬೇರೆ, ಇನ್ನೊಂದರಲ್ಲಿ ಬೇರೆ. ಒಬ್ಬನನ್ನು "ವೇಸ್ಟ್" ಎಂದು ಬರೆದು ಹಾಕುವ ಮೊದಲು ಈ ಪ್ರಕರಣ ನೆನಪಿಸಿಕೊಳ್ಳಬೇಕು.

ಸೆಟ್ ಪೀಸ್ ಬಗ್ಗೆ, ಅಂದರೆ ನಿಂತ ಬಾಲ್‌ನಿಂದ ಶುರುವಾಗುವ ಕಾರ್ನರ್, ಫ್ರೀ ಕಿಕ್ ಬಗ್ಗೆ ಒಂದು ಮಾತು. ಕಾರ್ನರ್‌ನಿಂದ ಗೋಲು ಬಂದರೆ "ಅದೃಷ್ಟ" ಅನ್ನುವವರು ಇನ್ನೂ ಇದ್ದಾರೆ. 2018ರ ಐಎಸ್‌ಎಲ್ ಫೈನಲ್‌ನಲ್ಲಿ ಚೆನ್ನೈಯಿನ್ ಎದುರು ಕಂಠೀರವದಲ್ಲಿ 3–2ರಿಂದ ಸೋತಾಗ ಮೈಲ್ಸನ್ ಆಲ್ವೆಸ್ ಎರಡು ಗೋಲು ಹೊಡೆದದ್ದು ಕಾರ್ನರ್‌ಗಳಿಂದ, ತಲೆಯಲ್ಲಿ. ಮರುವರ್ಷ ಮುಂಬೈಯಲ್ಲಿ ಗೋವಾ ಎದುರು ಹೆಚ್ಚುವರಿ ಸಮಯದ ಕೊನೆಗೆ ರಾಹುಲ್ ಭೇಕೆ ಕಪ್ ಗೆಲ್ಲಿಸಿದ್ದೂ ಡೆಲ್ಗಾಡೊ ಕಾರ್ನರ್‌ಗೆ ತಲೆಕೊಟ್ಟು. ಹಾಕಿಯ ಪೆನಾಲ್ಟಿ ಕಾರ್ನರ್ ಪರಿಣತರನ್ನು ಮೆಚ್ಚುವ ಕೊಡಗಿನವರಿಗೆ ಇದನ್ನು ಹೆಚ್ಚು ಹೇಳಬೇಕಿಲ್ಲ. ಎತ್ತರದ ಸೆಂಟರ್ ಬ್ಯಾಕ್, ಒಳ್ಳೆಯ ಕಿಕ್ ಹಾಕುವವನು: ಇವೂ ಖರೀದಿ ಪಟ್ಟಿಯಲ್ಲಿ ಇರಲೇಬೇಕಾದ ಗುಣಗಳು.

ನಾಲ್ಕು ವಿದೇಶಿಯರು, ಏಳು ಭಾರತೀಯರು

ಐಎಸ್‌ಎಲ್‌ನಲ್ಲಿ ಟ್ರಾನ್ಸ್‌ಫರ್ ವಾದ ಮಾಡುವವರು ಮೊದಲು ಬಾಯಿಪಾಠ ಮಾಡಬೇಕಾದದ್ದು ಇದು. 2014ರಲ್ಲಿ ಮೈದಾನದಲ್ಲಿ ಆರು ವಿದೇಶಿಯರು ಇರಬಹುದಿತ್ತು. 2017ರಲ್ಲಿ ಅದು ಐದಾಯಿತು, 2021–22ರಿಂದ ನಾಲ್ಕು. ತಂಡದಲ್ಲಿ ಆರು ವಿದೇಶಿಯರನ್ನು ಇಟ್ಟುಕೊಂಡರೂ ಒಮ್ಮೆಗೆ ಆಡುವುದು ನಾಲ್ವರೇ. ಒಬ್ಬ ಸೆಂಟರ್ ಬ್ಯಾಕ್, ಒಬ್ಬ ಮಿಡ್‌ಫೀಲ್ಡರ್, ಇಬ್ಬರು ಮುಂದಿನವರು ಎಂದರೆ ಕೋಟಾ ಮುಗಿಯಿತು. ಕೀಪರ್, ಎರಡೂ ಫುಲ್ ಬ್ಯಾಕ್, ಇಬ್ಬರು ವಿಂಗರ್, ಇನ್ನೊಬ್ಬ ಸೆಂಟರ್ ಬ್ಯಾಕ್, ಇನ್ನೊಬ್ಬ ಮಿಡ್‌ಫೀಲ್ಡರ್ ಎಲ್ಲ ಭಾರತೀಯರೇ ಆಗಬೇಕು. ಹಾಗಾಗಿ ಸೀಸನ್ ನಿರ್ಧರಿಸುವುದು ವಿದೇಶಿ ಹೆಸರುಗಳಿಗಿಂತ ಹೆಚ್ಚಾಗಿ ಆ ಏಳು ಮಂದಿ. ಕಾಲಿನಲ್ಲಿ ಬಾಲ್ ಹಿಡಿದು ಮೇಲೆ ಹೋಗಬಲ್ಲ ಭಾರತೀಯ ಫುಲ್ ಬ್ಯಾಕ್ ಸಿಗುವುದು ಕಷ್ಟ, ಸಿಕ್ಕಿದವನನ್ನು ಬಿಡುವುದು ಇನ್ನೂ ಕಷ್ಟವಾಗಬೇಕು. 2020ರಲ್ಲಿ ನಿಶು ಕುಮಾರ್ ಕೇರಳ ಬ್ಲಾಸ್ಟರ್ಸ್‌ಗೆ ಹೋದಾಗ ಆದ ನಷ್ಟವನ್ನು ಆಗ ಸಾಕಷ್ಟು ಜನ ಅಳೆಯಲಿಲ್ಲ ಎಂಬುದು ನನ್ನ ಅಭಿಪ್ರಾಯ.

2022ರಲ್ಲಿ ಆಶಿಕ್ ಕುರುಣಿಯನ್ ಎಟಿಕೆ ಮೋಹನ್ ಬಾಗಾನ್‌ಗೆ, ಪ್ರಬೀರ್ ದಾಸ್ ಬೆಂಗಳೂರಿಗೆ ಅದಲು ಬದಲಾದರು. ಬಂದ ದಿನ ಸರಿಸಮ ವ್ಯವಹಾರದಂತೆ ಕಂಡಿತು. ಮರುವರ್ಷವೇ ಪ್ರಬೀರ್ ಬ್ಲಾಸ್ಟರ್ಸ್ ಪಾಲಾದರು. ಆಗ ಬೆಂಗಳೂರಿನ ಕೈಯಲ್ಲಿ ಇಬ್ಬರೂ ಇರಲಿಲ್ಲ. ಅದಲು ಬದಲಿನ ತೂಕ ತಿಳಿಯುವುದು ಎರಡು ಮೂರು ಸೀಸನ್ ಆದ ಮೇಲೆ.

ಅದೇ 2022ರಲ್ಲಿ ರಾಯ್ ಕೃಷ್ಣ, ಸಂದೇಶ್ ಜಿಂಗನ್, ಹಾವಿ ಹೆರ್ನಾಂಡೆಜ್ ಬಂದರು. ಡ್ಯುರಾಂಡ್ ಕಪ್ ಗೆದ್ದದ್ದೂ ಆಯಿತು, ಐಎಸ್‌ಎಲ್ ಫೈನಲ್‌ನಲ್ಲಿ ಪೆನಾಲ್ಟಿ ಶೂಟೌಟ್‌ನಲ್ಲಿ ಸೋತದ್ದೂ ಆಯಿತು. 2023ರಲ್ಲಿ ರಾಯ್ ಕೃಷ್ಣ ಒಡಿಶಾಗೆ, ಜಿಂಗನ್ ಮತ್ತು ಉದಾಂತ ಸಿಂಗ್ ಗೋವಾಗೆ ಹೊರಟರು. ಮುಂದಿನ ಸೀಸನ್ನಿನಲ್ಲಿ ಹನ್ನೆರಡು ತಂಡಗಳಲ್ಲಿ ನಮ್ಮದು ಹತ್ತನೇ ಸ್ಥಾನ. ಹಳೆಯ ಕಾಫಿ ಗಿಡ ತೆಗೆದು ಹೊಸದು ನೆಡುವ ಬೆಳೆಗಾರ ಇಡೀ ತೋಟವನ್ನು ಒಂದೇ ವರ್ಷ ಕೀಳುವುದಿಲ್ಲ. ಒಂದೊಂದು ಬ್ಲಾಕ್ ಆಗಿ ಬದಲಿಸುತ್ತಾನೆ, ಏಕೆಂದರೆ ಹೊಸ ಗಿಡ ಫಸಲಿಗೆ ಬರಲು ಮೂರು ನಾಲ್ಕು ವರ್ಷ ಬೇಕು, ಅಲ್ಲಿಯವರೆಗೆ ಹಳೆಯ ಗಿಡವೇ ಮನೆ ನಡೆಸಬೇಕು. ತಂಡದಲ್ಲೂ ಹಾಗೆಯೇ. ಬೆನ್ನೆಲುಬಿನಂತಿದ್ದವರು ಒಂದೇ ಬೇಸಿಗೆಯಲ್ಲಿ ಹೋದರೆ, ಬಂದವರು ಎಷ್ಟೇ ಒಳ್ಳೆಯವರಾದರೂ ಯಾರು ಯಾವಾಗ ಓಡುತ್ತಾರೆ ಎಂಬ ತಿಳಿವಳಿಕೆ ಬೆಳೆಯಲು ತಿಂಗಳುಗಳು ಹಿಡಿಯುತ್ತವೆ.

2024ರಲ್ಲಿ ಕ್ಲಬ್ ಮಾಡಿದ್ದು ಜಾಣತನದ ಕೆಲಸ. ಭೇಕೆ, ಆಲ್ಬರ್ಟೊ ನೊಗೇರಾ, ಹೋರ್ಹೆ ಪೆರೇರಾ ಡಿಯಾಜ್ ಮೂವರೂ ಮುಂಬೈ ಸಿಟಿಯಲ್ಲಿ ಒಟ್ಟಿಗೆ ಆಡಿದವರು. ಹೊಂದಾಣಿಕೆಯ ಸಮಯ ಆ ಮಟ್ಟಿಗೆ ಉಳಿಯಿತು. ಹೆರಾರ್ಡ್ ಸರಗೋಸಾ ಕೋಚ್ ಆಗಿದ್ದ 2024–25ರಲ್ಲಿ ತಂಡ ಮೂರನೇ ಸ್ಥಾನಕ್ಕೆ ಏರಿತು. ಕೋಲ್ಕತ್ತದ ಫೈನಲ್‌ನಲ್ಲಿ ಹೆಚ್ಚುವರಿ ಸಮಯದಲ್ಲಿ ಮೋಹನ್ ಬಾಗಾನ್‌ಗೆ 2–1ರಿಂದ ಸೋತಿತು. ನಲವತ್ತರ ಚೆಟ್ರಿ 14 ಗೋಲು ಹೊಡೆದರು. ಅವರ ಮೇಲಿನ ಅಭಿಮಾನಕ್ಕೆ ಕೊನೆಯಿಲ್ಲ, ಆದರೆ ಇದೇ ಸಂಖ್ಯೆ ಎಚ್ಚರಿಕೆಯೂ ಹೌದು. ಆ ಮೂವರೂ ಮೂವತ್ತು ದಾಟಿದವರೇ. ಈ ವಯಸ್ಸಿನವರನ್ನು ತಂದರೆ ಇವತ್ತಿನ ಫಲ ಸಿಗುತ್ತದೆ, ಮುಂದೆ ಮಾರಿ ಬರುವ ಹಣ ಏನೂ ಇರುವುದಿಲ್ಲ. ಹಾಗಾಗಿ ಅವರಿರುವಾಗಲೇ ಅವರ ಕೆಲಸ ಕಲಿಯುವ ಹುಡುಗ ಪಕ್ಕದಲ್ಲಿ ಇರಬೇಕು.

ಹಣದ ಲೆಕ್ಕ: ಇಂಗ್ಲೆಂಡಿನದು ಬೇರೆ, ನಮ್ಮದು ಬೇರೆ

ಗೋಣಿಕೊಪ್ಪದಲ್ಲಿ ಕೂತು ಚೆಲ್ಸಿ, ಲಿವರ್‌ಪೂಲ್ ನೋಡುವ ಹುಡುಗರು ಅಲ್ಲಿನ ಲೆಕ್ಕವನ್ನು ಇಲ್ಲಿಗೆ ತರುತ್ತಾರೆ. ಮೊದಲು ಅಲ್ಲಿಯದನ್ನು ತಿಳಿಯೋಣ.

ಯುರೋಪಿನ ಕ್ಲಬ್ 100 ಮಿಲಿಯನ್ ಪೌಂಡ್ ಕೊಟ್ಟು ಐದು ವರ್ಷದ ಒಪ್ಪಂದ ಮಾಡಿದರೆ ಲೆಕ್ಕದ ಪುಸ್ತಕದಲ್ಲಿ ವರ್ಷಕ್ಕೆ 20 ಮಿಲಿಯನ್ ಖರ್ಚು ಬರೆಯುತ್ತದೆ. ಎರಡು ವರ್ಷ ಕಳೆದರೆ ಪುಸ್ತಕದ ಬೆಲೆ 60. ಆಗ 50ಕ್ಕೆ ಮಾರಿದರೆ 10 ನಷ್ಟ, 70ಕ್ಕೆ ಮಾರಿದರೆ 10 ಲಾಭ. ಒಪ್ಪಂದ ಎಂಟು ವರ್ಷವಾದರೆ ವಾರ್ಷಿಕ ಖರ್ಚು 12.5ಕ್ಕೆ ಇಳಿಯುತ್ತದೆ. 2023ರ ಜನವರಿಯಲ್ಲಿ ಚೆಲ್ಸಿ ಎಂಜೊ ಫರ್ನಾಂಡಿಸ್‌ಗೆ ಎಂಟೂವರೆ ವರ್ಷದ ಒಪ್ಪಂದ ಕೊಟ್ಟಿದ್ದರ ಹಿಂದೆ ಈ ಲೆಕ್ಕವಿತ್ತು. ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ಅದೇ ವರ್ಷ ಈ ಹಂಚಿಕೆಗೆ ಐದು ವರ್ಷದ ಮಿತಿ ಹಾಕಿತು, ವರ್ಷದ ಕೊನೆಗೆ ಪ್ರೀಮಿಯರ್ ಲೀಗ್ ಕೂಡ. ಅಕಾಡೆಮಿಯಲ್ಲಿ ಬೆಳೆದ ಹುಡುಗನಿಗೆ ಪುಸ್ತಕದ ಬೆಲೆಯೇ ಇಲ್ಲ, ಅವನನ್ನು ಮಾರಿದ ಹಣ ಪೂರ್ತಿ ಲಾಭ. ಮನೆಯ ಹುಡುಗನನ್ನು ಮಾರಿ ಹೊರಗಿನವನನ್ನು ತಂದರು ಎಂದು ಅಭಿಮಾನಿಗಳು ನೊಂದುಕೊಳ್ಳುವ ಎಷ್ಟೋ ಮಾರಾಟಗಳಿಗೆ ಕಾರಣ ಇದು.

ಮಾರಾಟದಿಂದ ಶೈಲಿ ಬಲವಾದದ್ದೂ ಉಂಟು. 2018ರ ಜನವರಿಯಲ್ಲಿ ಲಿವರ್‌ಪೂಲ್ ಕುಟಿನ್ಯೊರನ್ನು ಬಾರ್ಸಿಲೋನಾಗೆ ಕೊಟ್ಟಿತು. ಅದೇ ತಿಂಗಳು 75 ಮಿಲಿಯನ್ ಪೌಂಡಿಗೆ ವಾನ್ ಡೈಕ್, ಬೇಸಿಗೆಯಲ್ಲಿ ಕೀಪರ್ ಅಲಿಸನ್ ಬಂದರು. ಕುಟಿನ್ಯೊ ಜಾಗಕ್ಕೆ ಅಂಥದೇ ಆಟಗಾರನನ್ನು ತರಲಿಲ್ಲ. ಗೋಲಿನ ಅವಕಾಶ ಸೃಷ್ಟಿಸುವ ಕೆಲಸದ ದೊಡ್ಡ ಪಾಲು ಫುಲ್ ಬ್ಯಾಕ್‌ಗಳಾದ ಅಲೆಕ್ಸಾಂಡರ್-ಅರ್ನಾಲ್ಡ್, ರಾಬರ್ಟ್‌ಸನ್ ಕಡೆ ಸರಿಯಿತು. 2019ರಲ್ಲಿ ಚಾಂಪಿಯನ್ಸ್ ಲೀಗ್, 2020ರಲ್ಲಿ ಮೂವತ್ತು ವರ್ಷಗಳ ನಂತರ ಲೀಗ್ ಪ್ರಶಸ್ತಿ.

ಭಾರತದಲ್ಲಿ ಟ್ರಾನ್ಸ್‌ಫರ್ ಶುಲ್ಕ ಅಷ್ಟು ದೊಡ್ಡದಲ್ಲ. ಹೆಚ್ಚಿನವರು ಒಪ್ಪಂದ ಮುಗಿದ ಮೇಲೆ ಶುಲ್ಕವಿಲ್ಲದೆ ಹೋಗುತ್ತಾರೆ, ವಿದೇಶಿಯರು ಬಹುತೇಕ ಒಂದೆರಡು ವರ್ಷಕ್ಕೆ ಬರುತ್ತಾರೆ. ಇಲ್ಲಿ ನಿಜವಾದ ಖರ್ಚು ಸಂಬಳ, ನಿಜವಾದ ಆಸ್ತಿ ಒಪ್ಪಂದದ ಅವಧಿ. ಫಿಫಾ ನಿಯಮದಂತೆ ಕೊನೆಯ ಆರು ತಿಂಗಳಲ್ಲಿ ಆಟಗಾರ ಬೇರೆ ಕ್ಲಬ್ ಜೊತೆ ಮುಂದಿನ ಒಪ್ಪಂದ ಮಾಡಿಕೊಳ್ಳಬಹುದು. ಅಂದರೆ ಒಬ್ಬ ಒಳ್ಳೆಯ ಭಾರತೀಯ ಆಟಗಾರನ ಒಪ್ಪಂದವನ್ನು ಒಂದು ವರ್ಷಕ್ಕಿಂತ ಹೆಚ್ಚು ಬಾಕಿ ಇರುವಾಗಲೇ ನವೀಕರಿಸದ ಕ್ಲಬ್ ಅವನನ್ನು ಬಿಟ್ಟಿಯಾಗಿ ಕೊಡಲು ಹೊರಟಿದೆ ಎಂದರ್ಥ. ಆದಾಯದ ಕಡೆಯೂ ಭರವಸೆ ಕಡಿಮೆ. ಪ್ರಸಾರ ಹಾಗೂ ವಾಣಿಜ್ಯ ಹಕ್ಕಿನ ಒಪ್ಪಂದ ನವೀಕರಣ ಇತ್ಯರ್ಥವಾಗದೆ 2025ರ ಜುಲೈನಲ್ಲಿ ಐಎಸ್‌ಎಲ್ಲನ್ನೇ ತಡೆಹಿಡಿದಿದ್ದರು. ಇಂಥ ನೆಲದಲ್ಲಿ "ದೊಡ್ಡ ಹೆಸರು ತನ್ನಿ" ಎಂಬ ಬೇಡಿಕೆಗಿಂತ "ಸುರೇಶ್ ಸಿಂಗ್, ರೋಷನ್ ಸಿಂಗ್ ಥರದವರ ಒಪ್ಪಂದ ಯಾವಾಗ ಮುಗಿಯುತ್ತದೆ?" ಎಂಬ ಪ್ರಶ್ನೆಗೆ ತೂಕ ಹೆಚ್ಚು.

ಟಿವಿ ಮುಂದೆ ಕೂತು ಅಳೆಯುವುದು

ಮಡಿಕೇರಿಯಿಂದ ಕಂಠೀರವಕ್ಕೆ ಇನ್ನೂರೈವತ್ತು ಕಿಲೋಮೀಟರ್‌ಗೂ ಮೇಲೆ. ರಾತ್ರಿ ಏಳೂವರೆಯ ಪಂದ್ಯಕ್ಕೆ ಹೋದರೆ ಮರುದಿನದ ಕೆಲಸ ಹಾಳು. ಹಾಗಾಗಿ ಹೆಚ್ಚಿನವರು ಟಿವಿಯಲ್ಲೇ ನೋಡುವುದು. ಕ್ಯಾಮೆರಾ ಬಾಲ್ ಹಿಂದೆ ಹೋಗುವುದರಿಂದ ಶೈಲಿ ಪೂರ್ತಿ ಕಾಣುವುದಿಲ್ಲ, ಆದರೂ ಅಳೆಯಬಹುದು. ಎದುರಾಳಿ ಗೋಲ್ ಕಿಕ್ ತೆಗೆದುಕೊಳ್ಳುವಾಗ ನಮ್ಮವರು ಎಷ್ಟು ಜನ ಅರ್ಧ ಗೆರೆ ದಾಟಿ ನಿಂತಿದ್ದಾರೆ ಎಣಿಸಿ: ಐದಾರು ಜನ ಇದ್ದರೆ ಪ್ರೆಸ್, ಒಬ್ಬಿಬ್ಬರಿದ್ದರೆ ಕಾದು ನಿಲ್ಲುವ ಆಟ. ನಮ್ಮವರು ಎದುರಾಳಿಯ ಬಾಕ್ಸ್ ಹತ್ತಿರ ಬಾಲ್ ಕಳೆದುಕೊಂಡ ಕ್ಷಣ ಹಿಂದೆ ಎಷ್ಟು ಜನ ಉಳಿದಿದ್ದಾರೆ ನೋಡಿ. ಇಬ್ಬರು ಫುಲ್ ಬ್ಯಾಕ್‌ಗಳೂ ಮೇಲೆ ಹೋಗಿ, ಮಿಡ್‌ಫೀಲ್ಡರ್ ಕೂಡ ಸೇರಿಕೊಂಡು, ಹಿಂದೆ ಇಬ್ಬರೇ ಇದ್ದರೆ ಎದುರಾಳಿಯ ಮರುದಾಳಿಯಿಂದ ಕೌಂಟರ್ ಗೋಲು ಬರುವುದು ತಡವಿಲ್ಲ.

ಅಂಕಿಅಂಶ ನೋಡುವವರಿಗೆ ಎರಡು ಸಾಕು. ಎಕ್ಸ್‌ಜಿ ಎಂದರೆ ಆ ಜಾಗದಿಂದ, ಆ ರೀತಿಯ ಹೊಡೆತ ಸರಾಸರಿ ಗೋಲಾಗುವ ಸಾಧ್ಯತೆ. ಪೆನಾಲ್ಟಿಗೆ ಅದು ಸುಮಾರು 0.76ರಿಂದ 0.79. ಒಂದು ಪಂದ್ಯದ ಎಕ್ಸ್‌ಜಿ ಇಟ್ಟುಕೊಂಡು ಜಗಳ ಬೇಡ, ಹತ್ತು ಪಂದ್ಯಗಳದ್ದನ್ನು ಕೂಡಿಸಿ ನೋಡಿ. ಅವಕಾಶ ಬರುತ್ತಿದ್ದೂ ಗೋಲಾಗದಿದ್ದರೆ ಹೊಡೆಯುವವನ ಕಡೆ ನೋಡಬಹುದು. ಅವಕಾಶವೇ ಬರದಿದ್ದರೆ ಸ್ಟ್ರೈಕರ್‌ನನ್ನು ಬದಲಿಸಿ ಪ್ರಯೋಜನವಿಲ್ಲ, ದೋಷ ಅವನ ಹಿಂದಿದೆ. ಪಿಪಿಡಿಎ ಎಂದರೆ ನಮ್ಮ ಒಂದು ತಡೆಯುವ ಯತ್ನಕ್ಕೆ ಎದುರಾಳಿ ತನ್ನ ಕಡೆಯ ಮೈದಾನದಲ್ಲಿ ಎಷ್ಟು ಪಾಸ್ ಮಾಡಿದ ಎಂಬ ಲೆಕ್ಕ. ಸಂಖ್ಯೆ ಕಡಿಮೆಯಿದ್ದಷ್ಟೂ ಪ್ರೆಸ್ ಜೋರು. ಮಳೆಗಾಲದ ಕೆಸರುಗದ್ದೆ ಫುಟ್‌ಬಾಲ್ ನೋಡಿ ಬಂದ ಕಣ್ಣಿಗೆ ಇದೆಲ್ಲ ಅತಿ ಎನಿಸಬಹುದು, ಆದರೆ ವಾದ ಇತ್ಯರ್ಥವಾಗುವುದು ಇಂಥ ಎಣಿಕೆಯಿಂದಲೇ.

ಊರಿನ ಹುಡುಗ ಮತ್ತು ಕಾಗದಪತ್ರ

2024–25ರ ಮೊದಲ ಪಂದ್ಯದಲ್ಲಿ ಈಸ್ಟ್ ಬೆಂಗಾಲ್ ಎದುರು ಏಕೈಕ ಗೋಲು ಹೊಡೆದದ್ದು ಯುವ ತಂಡದಿಂದ ಮೇಲೆ ಬಂದ ವಿನೀತ್ ವೆಂಕಟೇಶ್. ಏಳು ಭಾರತೀಯರ ಕೊರತೆಗೆ ಅಗ್ಗದ, ದೀರ್ಘಕಾಲದ ಉತ್ತರ ಇದೇ. ಕೊಡಗಿನ ಕ್ಲಬ್‌ಗಳಿಗೂ ಇಲ್ಲಿ ನೇರ ಸಂಬಂಧವಿದೆ. ಆಟಗಾರನೊಬ್ಬ ಒಪ್ಪಂದದ ನಡುವೆ ಶುಲ್ಕಕ್ಕೆ ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್‌ಗೆ ಹೋದರೆ, ಫಿಫಾ ನಿಯಮದಂತೆ ಶುಲ್ಕದ ಶೇ 5ರಷ್ಟು ಅವನನ್ನು 12ರಿಂದ 23ನೇ ವಯಸ್ಸಿನವರೆಗೆ ತಯಾರು ಮಾಡಿದ ಕ್ಲಬ್‌ಗಳಿಗೆ ಸಲ್ಲಬೇಕು. 12ರಿಂದ 15ರವರೆಗಿನ ಪ್ರತಿ ಸೀಸನ್‌ಗೆ ಶುಲ್ಕದ ಶೇ 0.25, 16ರಿಂದ 23ರವರೆಗೆ ಪ್ರತಿ ಸೀಸನ್‌ಗೆ ಶೇ 0.5. ಹುಡುಗ 12ರಿಂದ 18ರವರೆಗೆ ಊರಿನ ಕ್ಲಬ್‌ನಲ್ಲಿದ್ದು ಮುಂದೆ ಒಂದು ಕೋಟಿಗೆ ಗಡಿದಾಟಿದ ವರ್ಗಾವಣೆಯಾದರೆ ಆ ಕ್ಲಬ್‌ಗೆ ಎರಡೂವರೆ ಲಕ್ಷ. ಚೆಂಡು, ನೆಟ್, ಮೈದಾನದ ಖರ್ಚಿಗೆ ಅದು ದೊಡ್ಡ ಮೊತ್ತ.

ಆದರೆ ಈ ಹಕ್ಕು ನಿಲ್ಲುವುದು ದಾಖಲೆಯ ಮೇಲೆ. ಟೂರ್ನಿಗಷ್ಟೇ ಹೆಸರು ಬರೆಸಿದರೆ ಸಾಲದು. ರಾಜ್ಯ ಸಂಸ್ಥೆಯ ಮೂಲಕ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ನೋಂದಣಿ ವ್ಯವಸ್ಥೆಯಾದ ಸಿಆರ್‌ಎಸ್‌ನಲ್ಲಿ ಹುಡುಗನ ಹೆಸರು, ಜನ್ಮದಿನಾಂಕ, ಯಾವ ಸೀಸನ್ ಯಾವ ಕ್ಲಬ್ ಎಂಬುದು ದಾಖಲಾಗಿರಬೇಕು. ಇದರಿಂದಲೇ ಆಟಗಾರನ ಪ್ಲೇಯರ್ ಪಾಸ್‌ಪೋರ್ಟ್, ಅಂದರೆ ಯಾವ ಕ್ಲಬ್‌ನಲ್ಲಿ ಯಾವಾಗ ಇದ್ದ ಎಂಬ ಅಧಿಕೃತ ದಾಖಲೆ, ತಯಾರಾಗುತ್ತದೆ. ಜನನ ಪ್ರಮಾಣಪತ್ರ ಮತ್ತು ಆಧಾರ್‌ನಲ್ಲಿ ಹೆಸರಿನ ಅಕ್ಷರಗಳು ಬೇರೆಯಾಗಿದ್ದರೆ ನೋಂದಣಿಗೆ ಮೊದಲೇ ಸರಿಪಡಿಸಿಕೊಳ್ಳಿ. ಹುಡುಗ ಹನ್ನೆರಡಕ್ಕೆ ಕಾಲಿಟ್ಟ ಸೀಸನ್‌ನಿಂದಲೇ ನೋಂದಣಿ ಶುರುಮಾಡಿ, ಪ್ರತಿ ಸೀಸನ್ ನವೀಕರಿಸಿ, ಪ್ರತಿಯನ್ನು ಕ್ಲಬ್‌ನ ಕಡತದಲ್ಲಿ ಇಡಿ.